ಹೆಸರುಗಳನ್ನು ಕಳೆದುಕೊಂಡ ನಂಜಪ್ಪನವರು

ನಂಜಪ್ಪನವರು ದನದ ಕಿವಿ ಮುಟ್ಟಿ ಕಾಯಿಲೆ ಹೇಳುತ್ತಿದ್ದರು. ಕೊಟ್ಟಿಗೆಯೊಳಗೆ ಹೋದವರು ಯಾರ ಜೊತೆಗೂ ಮಾತಾಡದೆ ಕಿವಿಯ ಬುಡಕ್ಕೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಲ್ಲುವರು. ಮನೆಯವರು ಹಿಂದೆ ನಿಂತು ನಾಲ್ಕು ದಿನದ ಕಥೆ ಹೇಳುತ್ತಿದ್ದರೂ ಕೇಳಿಸಿಕೊಳ್ಳರು. ಆಮೇಲೆ "ಕಿವಿ ತಣ್ಣಗೈತೆ, ಹಾಲು ಜ್ವರ, ಕರು ಹಾಕಿದ್ಮೇಲೆ ಮೈಯ ಸುಣ್ಣ ಇಳಿದೈತೆ" ಅಂತಲೋ, "ಹಸಿ ಜೋಳದ ಕಡ್ಡಿ ಹಾಕಿದ್ದೀಯ, ಹೊಟ್ಟೆ ಉಬ್ಬರಿಸೈತೆ" ಅಂತಲೋ ಹೇಳುವರು. ಮನೆಯವನು ಇಲ್ಲವೆಂದು ವಾದಿಸಿದರೆ ಅವರದೊಂದು ಮಾತಿತ್ತು: "ಬಾಯಿಲ್ಲದ ಜೀವ ಸುಳ್ಳು ಹೇಳಲ್ಲ ಮಾರಾಯ. ಸುಳ್ಳು ಹೇಳೋದು ಅದರ ಹಗ್ಗ ಹಿಡ್ಕಂಡೋನು."

ಆಲೂರು ತಾಲ್ಲೂಕಿನ ಕುಂದೂರಿನ ಹತ್ತಿರದ ಒಂದು ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಬಂದಾಗ, ಬಾಡಿಗೆಗೆ ಸಿಕ್ಕಿದ್ದು ಅವರ ಪಕ್ಕದ ಮನೆ. ನಡುವೆ ಒಂದೇ ಗೋಡೆ. ಅವರು ಅಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಿಜವಾದ ಡಾಕ್ಟರಿಗೆ ಮೂರು ಊರಿನ ಉಸ್ತುವಾರಿ. ವಾರಕ್ಕೆರಡು ದಿನ ಬಂದರೆ ಹೆಚ್ಚು. ಹಾಗಾಗಿ ಊರಿಗೆಲ್ಲ ನಂಜಪ್ಪನವರೇ ಡಾಕ್ಟ್ರು. ಹಾಗೆ ಕರೆದರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ. "ನಾನು ಡಾಕ್ಟ್ರ ಚೀಲ ಹೊರೋನು ಕಣ್ರೀ" ಎನ್ನುತ್ತಿದ್ದರು.

ಮನುಷ್ಯರನ್ನು ಅವರು ಗುರುತಿಡುತ್ತಿದ್ದುದು ದನಗಳಿಂದ. ನನ್ನ ತರಗತಿಯ ಒಬ್ಬಳು ಹುಡುಗಿಯ ಬಗ್ಗೆ ಕೇಳಿದಾಗ, "ಓ, ಆ ಕೌಲಿ ಹಸು ಮನೆಯೋಳಾ? ಹೋದ ಸಲ ಎರಡು ಹೆಣ್ಗರು ಹಾಕ್ತಲ್ಲ, ಆ ಮನೆ" ಎಂದಿದ್ದರು. ಹುಡುಗಿಯ ಅಪ್ಪನ ಹೆಸರು ಅವರಿಗೆ ಗೊತ್ತೇ ಇರಲಿಲ್ಲ. ಸುತ್ತಲ ಏಳೆಂಟು ಹಳ್ಳಿಯ ಹಸು, ಎಮ್ಮೆ, ಎತ್ತುಗಳ ಹೆಸರು, ಅವುಗಳ ತಾಯಿಯ ಹೆಸರು, ಯಾವುದು ಹಾಯುತ್ತದೆ, ಯಾವುದು ಒದೆಯುತ್ತದೆ ಎಲ್ಲವೂ ಬಾಯಲ್ಲೇ ಇತ್ತು.

ಒಂದು ಮಂಗಳವಾರ ಅವರಿಗೆ ಜ್ವರ ಬಂತು. ಮಲೆನಾಡಿನ ಸೆರಗಿನಲ್ಲಿ ಇರುವವರಿಗೆ ಜ್ವರ ಹೊಸದಲ್ಲ. ಮಾತ್ರೆ ನುಂಗಿ ಮಲಗಿದರು. ಮರುದಿನ ಅವರ ಹೆಂಡತಿ ಗೌರಮ್ಮ ಬಂದು, "ಟೀಚ್ರೇ, ಇವರು ಬೆಳಗ್ಗಿಂದ ಏನೋ ಸುಟ್ಟ ವಾಸನೆ ಅಂತಾರೆ. ಒಲೇನೇ ಹಚ್ಚಿಲ್ಲ ನಾನು" ಎಂದರು. ನಾನು ಹೋಗಿ ನೋಡಿದರೆ ನಂಜಪ್ಪನವರು ಮಂಚದ ಮೇಲೆ ಕೂತು ಅಂಗಿಯ ಗುಂಡಿ ಹಾಕುವುದು, ಬಿಚ್ಚುವುದು ಮಾಡುತ್ತಿದ್ದರು. ನನ್ನನ್ನು ನೋಡಿ, ಎಂದೋ ತೀರಿಹೋದ ತಮ್ಮ ಅಕ್ಕನ ಹೆಸರು ಹಿಡಿದು ಕರೆದರು.

ಗೌರಮ್ಮನ ಅಣ್ಣ ಅಂದು ಅಲ್ಲೇ ಇದ್ದ. "ಏನೋ ಗಾಳಿ ಸೋಕೈತೆ. ದೇವಸ್ಥಾನದಲ್ಲಿ ಒಂದು ದಾರ ಕಟ್ಟಿಸ್ಕಂಡು ಬರಣ. ನಾಳಿಕ್ಕೆ ಆಸ್ಪತ್ರೆ ನೋಡಿದ್ರಾಯ್ತು" ಎಂದ. ಗೌರಮ್ಮ ಗಂಡನ ಚಪ್ಪಲಿ ತಂದು ಮಂಚದ ಕೆಳಗಿಟ್ಟರು. "ದನ ಹಿಂಗೆ ಆಡಿದ್ರೆ ಇವರು ನಾಳೆಗೆ ಕಾಯ್ತಿರಲಿಲ್ಲ. ಆಟೋ ಕರೀ ಅಣ್ಣ" ಎಂದರು.

ಸಕಲೇಶಪುರ ತಲುಪುವ ಹೊತ್ತಿಗೆ ಅವರಿಗೆ ಫಿಟ್ಸ್ ಬಂದಿತ್ತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದರು, ತಲೆಯ ಸ್ಕ್ಯಾನ್ ಮಾಡಿದರು. ಮೂರನೆಯ ದಿನ ನಾನು ನೋಡಲು ಹೋದಾಗ ಒಬ್ಬ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿದರು. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಏಳುತ್ತದಲ್ಲ, ಅದೇ ವೈರಸ್. ಬಹಳ ಜನರ ಮೈಯಲ್ಲಿ ಸುಮ್ಮನೆ ಮಲಗಿರುತ್ತದೆ. ಎಲ್ಲೋ ಸಾವಿರಾರು ಜನರಲ್ಲಿ ಒಬ್ಬರಿಗೆ ಅದು ಮಿದುಳಿಗೆ ಹತ್ತುತ್ತದೆ. ಹತ್ತಿದರೆ ಕಿವಿಯ ಒಳಪಕ್ಕಕ್ಕಿರುವ ಮಿದುಳಿನ ಭಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ನೆನಪು, ಹೆಸರು ಇರುವ ಜಾಗ ಅದು. "ನೀವು ಒಂದು ದಿನ ತಡ ಮಾಡಿದ್ದರೆ ಇವರು ಉಳಿಯುತ್ತಿರಲಿಲ್ಲ. ಈಗ ಉಳಿಯುತ್ತಾರೆ. ಆದರೆ ಏನೇನು ಉಳಿದಿದೆ ಅಂತ ಎದ್ದ ಮೇಲೇ ಗೊತ್ತಾಗಬೇಕು" ಎಂದರು.

ಮೂರು ವಾರ ಡ್ರಿಪ್ಪಿನಲ್ಲಿ ಔಷಧಿ ಹೋಯಿತು. ನಂಜಪ್ಪನವರು ನಡೆದುಕೊಂಡೇ ಮನೆಗೆ ಬಂದರು. ಮಾತು ಸರಿಯಾಗಿಯೇ ಇತ್ತು, ಊಟ ಮಾಡುತ್ತಿದ್ದರು, ಗೌರಮ್ಮನನ್ನು ಗುರುತಿಸುತ್ತಿದ್ದರು. ಊರವರೆಲ್ಲ ಬಂದು ನೋಡಿ, ಪರವಾಗಿಲ್ಲ ಎಂದುಕೊಂಡು ಹೋದರು. ಬೆಳಗ್ಗೆ ಬಂದವರು ಸಂಜೆ ಮತ್ತೆ ಬಂದರೆ ಹೊಸಬರನ್ನು ಕಂಡಂತೆ ಮಾತಾಡಿಸುವರು, ಅಷ್ಟೇ ಎಂದುಕೊಂಡಿದ್ದೆವು.

ನಾಲ್ಕು ದಿನದ ಮೇಲೆ ಅಂಗಳದಲ್ಲಿ ಕೂತಿದ್ದಾಗ ರಸ್ತೆಯಲ್ಲಿ ಒಂದು ಎಮ್ಮೆ ಹೋಯಿತು. ಅವರು ನೋಡುತ್ತಲೇ ಇದ್ದು, "ಗೌರಿ, ಅದೇನದು ಹೋಗ್ತಿರೋದು?" ಎಂದರು. ಗೌರಮ್ಮ ತಮಾಷೆ ಎಂದುಕೊಂಡು ನಕ್ಕರು. ಅವರು ನಗಲಿಲ್ಲ.

ಕತ್ತರಿ ತೋರಿಸಿದರೆ ಕತ್ತರಿ ಎನ್ನುತ್ತಿದ್ದರು. ಸಿರಿಂಜು, ಹಗ್ಗ, ಕೊಡ, ಬೀಗ, ಎಲ್ಲ ಗೊತ್ತಿತ್ತು. ಕೈ, ಕಾಲು, ತಲೆ ಗೊತ್ತಿತ್ತು. ಆದರೆ ಹಸು, ಕೋಳಿ, ಬದನೆಕಾಯಿ, ಕಾಗೆ ಒಂದೂ ಗೊತ್ತಿರಲಿಲ್ಲ. ಜೀವ ಇರುವುದನ್ನೆಲ್ಲ ಆ ಕಾಯಿಲೆ ಆರಿಸಿಕೊಂಡು ಅಳಿಸಿಬಿಟ್ಟಿತ್ತು. ಹೀಗೂ ಆಗುವುದುಂಟು ಎಂದು ಹಾಸನದ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು.

ನಾನು ಟೀಚರಲ್ಲವೇ, ಕಲಿಸುತ್ತೇನೆ ಎಂದು ಹೊರಟೆ. ಒಂದನೇ ತರಗತಿಯ ಪ್ರಾಣಿಗಳ ಚಾರ್ಟನ್ನು ತಂದು ಅವರ ಜಗಲಿಯ ಗೋಡೆಗೆ ನೇತುಹಾಕಿದೆ. ದಿನಾ ಸಂಜೆ ಅರ್ಧ ಗಂಟೆ ಪಾಠ. ಅವರು ನೆಟ್ಟಗೆ ಕೂತು ಕೇಳುತ್ತಿದ್ದರು. ಒಂದು ದಿನ ಹುಲಿಯನ್ನು ತೋರಿಸಿದಾಗ "ಇದು ಎಷ್ಟು ಹಾಲು ಕೊಡ್ತದೆ?" ಎಂದು ಗಂಭೀರವಾಗಿ ಕೇಳಿದರು. ಗೌರಮ್ಮ ನಗು ತಡೆಯಲಾರದೆ ಒಳಗೆ ಹೋದರು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

ಎರಡು ತಿಂಗಳಾದರೂ ಹಸು ಎಂಬ ಒಂದು ಪದವೂ ಮರುದಿನದವರೆಗೆ ನಿಲ್ಲಲಿಲ್ಲ. ಒಂದು ಸಂಜೆ ನನಗೆ ಶಾಲೆಯಲ್ಲಿ ಯಾರ ಮೇಲೋ ಬಂದ ಸಿಟ್ಟು ಇನ್ನೂ ಇಳಿದಿರಲಿಲ್ಲ, ತಲೆ ನೋಯುತ್ತಿತ್ತು. ಅವರು ಹಸುವಿನ ಚಿತ್ರದ ಮುಂದೆ ಸುಮ್ಮನೆ ನಿಂತಾಗ, "ನಿನ್ನೆ ತಾನೆ ಹತ್ತು ಸಲ ಹೇಳಿಸಿದೆನಲ್ಲ, ಸ್ವಲ್ಪವಾದರೂ ಗಮನ ಬೇಡವಾ?" ಎಂದು ರೇಗಿಬಿಟ್ಟೆ. ತರಗತಿಯ ದನಿ ಅದು. ನಂಜಪ್ಪನವರು ಎರಡೂ ಕೈಯನ್ನು ಮುಂದೆ ಕಟ್ಟಿಕೊಂಡು ತಲೆ ತಗ್ಗಿಸಿದರು. ಮೂವತ್ತು ವರ್ಷ ಊರಿನ ದನಗಳನ್ನು ಉಳಿಸಿದ ಕೈಗಳು ಅವು. ನಾನು ಆವತ್ತೇ ಚಾರ್ಟನ್ನು ಸುತ್ತಿಟ್ಟೆ. ಕ್ಷಮೆ ಕೇಳೋಣವೆಂದು ಮರುದಿನ ಬೆಳಗ್ಗೆ ಹೋದರೆ, ನಡೆದದ್ದು ಅವರಿಗೆ ನೆನಪಿರಲಿಲ್ಲ. ಆದರೆ ನನ್ನನ್ನು ಕಂಡವರೇ ಎದ್ದು ನಿಂತರು.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಭಾನುವಾರ, ಪುಟ್ಟೇಗೌಡ ಎಂಬ ರೈತ ಓಡಿ ಬಂದ. ಅವನ ಹಸು ಬೆಳಗ್ಗಿನಿಂದ ತಿಣುಕುತ್ತಿತ್ತು, ಕರು ಬರುತ್ತಿರಲಿಲ್ಲ. ಹೊಸ ಕಾಂಪೌಂಡರ್ ದೂರದ ಹಳ್ಳಿಯಲ್ಲಿದ್ದ. ಡಾಕ್ಟರು ಬರಲು ಎರಡು ಗಂಟೆ ಬೇಕು ಎಂದಿದ್ದರು. "ಅಕ್ಕ, ನಮ್ಮ ನಂಜಪ್ಪ ಡಾಕ್ಟ್ರನ್ನ ಒಂದ್ಸಲ ಕಳಿಸ್ಕೊಡಿ" ಎಂದ.

"ಅವರಿಗೆ ದನ ಅಂದ್ರೇನು ಅಂತಾನೇ ಗೊತ್ತಿಲ್ಲ ಕಣಪ್ಪ" ಎಂದರು ಗೌರಮ್ಮ.

"ಎರಡು ಗಂಟೆ ಅದು ಬದುಕಲ್ಲ ಅಕ್ಕ. ಬಂದು ನಿಂತ್ಕಂಡ್ರೆ ಸಾಕು."

ಗೌರಮ್ಮ, ಪುಟ್ಟೇಗೌಡ, ನಾನು ಮೂವರೂ ಅವರನ್ನು ಕರೆದುಕೊಂಡು ಹೋದೆವು. ಕೊಟ್ಟಿಗೆಯ ಬಾಗಿಲಲ್ಲಿ ಅವರು ಹಿಂಜರಿದರು. ಹಸು ನರಳಿತು. ನಂಜಪ್ಪನವರು ಅಂಗಿ ಬಿಚ್ಚಿ ಗೌರಮ್ಮನ ಕೈಗೆ ಕೊಟ್ಟು, "ಬಿಸಿನೀರು, ಸೋಪು, ಹರಳೆಣ್ಣೆ" ಎಂದರು. ಹೆಗಲವರೆಗೂ ತೊಳೆದು, ಎಣ್ಣೆ ಹಚ್ಚಿ ಕೈ ಒಳಗೆ ಬಿಟ್ಟು, ಕಣ್ಣು ಮುಚ್ಚಿದರು. "ತಲೆ ಐತೆ. ಒಂದು ಕಾಲು ಐತೆ. ಇನ್ನೊಂದು ಮಡಚ್ಕಂಡೈತೆ." ಯಾರಿಗೂ ಹೇಳಿದ್ದಲ್ಲ ಅದು. ಒಳಕ್ಕೆ ಒತ್ತಿದರು, ಕಾದರು, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲನ್ನು ಮುಂದಕ್ಕೆ ತಂದರು. "ಎಳೀಬೇಡ ಮಾರಾಯ, ಅದು ತಿಣುಕಿದಾಗ ಎಳಿ" ಎಂದು ಪುಟ್ಟೇಗೌಡನಿಗೆ ಗದರಿದರು. ಸ್ವಲ್ಪ ಹೊತ್ತಿಗೆ ಕರು ಹುಲ್ಲಿನ ಮೇಲೆ ಬಿತ್ತು. ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಎದೆ ಉಜ್ಜಿದರು. ಅದು ತಲೆಯೆತ್ತಿತು.

ಕೈ ತೊಳೆದು ಬಂದು ನನ್ನ ಪಕ್ಕ ನಿಂತು, ಯಾರಿಗೂ ಕೇಳಿಸದಂತೆ ಕೇಳಿದರು: "ಇದೇನಿದು?"

"ಕರು" ಎಂದೆ.

"ಕರು" ಎಂದರು. "ಚೆನ್ನಾಗೈತೆ."

ಮನೆ ತಲುಪುವಷ್ಟರಲ್ಲಿ ಎಲ್ಲ ಮರೆತಿತ್ತು. ಆದರೆ ಆ ಇಡೀ ದಿನ ಖುಷಿಯಾಗಿದ್ದರು. ಗೌರಮ್ಮ ಎರಡು ಸಲ ಅನ್ನ ಬಡಿಸಿದರು. "ಇವತ್ತು ಏನು ವಿಶೇಷ ಗೌರಿ? ಹಬ್ಬವಾ?" ಎಂದು ಕೇಳುತ್ತಿದ್ದುದು ಗೋಡೆಯಾಚೆಯಿಂದ ನನಗೆ ಕೇಳಿಸಿತು.

ಮುಂದಿನ ವರ್ಷ ನನಗೆ ಸಕಲೇಶಪುರಕ್ಕೆ ವರ್ಗವಾಯಿತು. ಹೋದ ಬೇಸಿಗೆಯಲ್ಲಿ ಮತ್ತೆ ಫಿಟ್ಸ್ ಬಂದು ನಂಜಪ್ಪನವರು ತೀರಿಕೊಂಡರೆಂದು ಗೌರಮ್ಮ ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಅದಕ್ಕೂ ನಾಲ್ಕು ತಿಂಗಳ ಹಿಂದೆ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡದ್ದೇ ಕೊನೆ. ಮಾತ್ರೆ ತೆಗೆದುಕೊಂಡು ಹೋಗಲು ಬಂದಿದ್ದರಂತೆ. ಗೌರಮ್ಮ ಬಸ್ಸು ಕೇಳಲು ಹೋದರು. ನಾನು ಅವರ ಪಕ್ಕ ಬೆಂಚಿನ ಮೇಲೆ ಕೂತೆ. ನನ್ನ ಹೆಸರಾಗಲಿ, ಊರಾಗಲಿ ಅವರಿಗೆ ಹೊಳೆದಂತೆ ಕಾಣಲಿಲ್ಲ. ಆದರೆ ನನ್ನ ಮುಖವನ್ನೇ ನೋಡುತ್ತ ಕೈ ಕಟ್ಟಿಕೊಂಡರು.

"ನೀವು ನಂಗೆ ಏನೋ ಹೇಳಿಕೊಡ್ತಿದ್ರಿ, ಅಲ್ವಾ?" ಎಂದರು.

"ಹೌದು" ಎಂದೆ.

"ಏನು ಅಂತ ಗೊತ್ತಿಲ್ಲ. ನಾನು ಕಲೀಲಿಲ್ಲ ಅಂತ ಬೇಜಾರು ಮಾಡ್ಕಬೇಡಿ ತಾಯಿ."

ಕಟ್ಟಿದ್ದ ಅವರ ಕೈಗಳನ್ನು ಬಿಡಿಸಿ ತೊಡೆಯ ಮೇಲೆ ಇಟ್ಟೆ. ಬಸ್ಸು ಬರುವವರೆಗೂ ಹಾಗೇ ಕೂತಿದ್ದೆವು.