ಶನಿವಾರ ಕನ್ನಡದಲ್ಲಿ ಹೇಳಿದ ಸ್ಕಾಟಿಷ್ ಚಿತ್ರಕಾರನ ಕಥೆ

ಐರ್ಲೆಂಡಿನ ಸ್ಲೈಗೋಗೆ ಬಂದ ಹೊಸತರಲ್ಲಿ ನನ್ನನ್ನು ಕಾಡಿದ್ದು ಚಳಿಯಲ್ಲ, ಮಾತಿನ ಬರ. ಗಂಡ ಬೆಳಿಗ್ಗೆಯೇ ಆಸ್ಪತ್ರೆಯ ಕೆಲಸಕ್ಕೆ ಹೊರಟುಬಿಡುತ್ತಿದ್ದರು. ನನ್ನ ಆಫೀಸು ಡಬ್ಲಿನ್ನಿನ ಸ್ಯಾಂಡಿಫರ್ಡಿನಲ್ಲಿ, ಆದರೆ ಕೆಲಸ ಮಾಡುತ್ತಿದ್ದುದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ಮೀಟಿಂಗ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿದರೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಹಾಗಾಗಿ ಊರಿನ ಪುಟ್ಟ ಚಿತ್ರಶಾಲೆಗೆ, ಅಂದರೆ ಆರ್ಟ್ ಗ್ಯಾಲರಿಗೆ, ಶನಿವಾರಗಳಂದು ಸ್ವಯಂಸೇವಕರು ಬೇಕಂತೆ ಎಂದು ತಿಳಿದಾಗ, ಚಿತ್ರಕಲೆಯ ಗಂಧಗಾಳಿ ಇಲ್ಲದಿದ್ದರೂ ಹೋಗಿ ಹೆಸರು ಕೊಟ್ಟೆ.

ಅಲ್ಲಿ ಸ್ವಯಂಸೇವಕರ ಉಸ್ತುವಾರಿ ಹೊತ್ತು ನನ್ನನ್ನು ತಿದ್ದಿದವರು ನಿವೃತ್ತ ಶಾಲಾ ಟೀಚರ್, ಎಪ್ಪತ್ತು ದಾಟಿದ ಐರಿಷ್ ಹೆಂಗಸು. ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು, ಯಾವ ಚಿತ್ರದ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ದೂರದಿಂದಲೇ ನೋಡುತ್ತಿದ್ದರು. ನನ್ನನ್ನು ಕಂಡರೆ ಅವರಿಗೆ ಏನೋ ಅಕ್ಕರೆ. ಮಳೆಯಲ್ಲಿ ನೆನೆದು ಹೋದ ದಿನ ತಮ್ಮ ಕಾರ್ಡಿಗನ್ ಬಿಚ್ಚಿ ನನಗೆ ಹೊದಿಸಿದ್ದರು.

ಆ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನಿಂದ ಹತ್ತೊಂಬತ್ತನೆಯ ಶತಮಾನದ ಒಬ್ಬ ಚಿತ್ರಕಾರನ ಕೆಲವು ಚಿತ್ರಗಳು ಬಂದವು. ಬಂದವರಿಗೆ ಅವನ ಬದುಕಿನ ಬಗ್ಗೆ ಹೇಳುವ ಕೆಲಸವನ್ನು ಟೀಚರ್ ನನಗೆ ಒಪ್ಪಿಸಿದರು. ನಾನು ಓದಿ ಓದಿ ಬಾಯಿಪಾಠ ಮಾಡಿ ಅವರಿಗೆ ಒಪ್ಪಿಸಿದೆ. ಕೇಳಿಸಿಕೊಂಡು, “ಎಲ್ಲ ಸರಿಯಾಗಿದೆ ಕಣಮ್ಮಾ, ಆದರೆ ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ ನಿಂತಿದ್ದೀಯ” ಎಂದರು. ನನಗೆ ಅಳುವೇ ಬಂತು.

ಮೊದಲ ಶನಿವಾರ ಟಿವಿಯಲ್ಲಿ ಯಾವುದೋ ದೊಡ್ಡ ಮ್ಯಾಚು. ಚಿತ್ರಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಒಳಗೊಳಗೇ ನನಗೆ ನಿರಾಳ. ಅಷ್ಟರಲ್ಲಿ ಬಾಗಿಲ ಹತ್ತಿರ ಯಾರೋ ಫೋನಿನಲ್ಲಿ, “ಇಲ್ಲೇ ಸ್ಲೈಗೋದಾಗ ಅದೀವಿ, ಮಳಿ ಬಂತಂತ ಒಳಗ ಬಂದೀವಿ” ಎನ್ನುವುದು ಕೇಳಿಸಿತು. ಓಡಿಹೋಗಿ, “ನೀವು ಕನ್ನಡದವರಾ?” ಎಂದೆ.

ವಿಜಯಪುರದ ಕಡೆಯ ಮುಸ್ಲಿಂ ಕುಟುಂಬ. ಮಗ ಕಿಲ್ಕೆನ್ನಿ ಎಂಬ ಊರಿನಲ್ಲಿದ್ದುಕೊಂಡು ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಊರಿನಿಂದ ಬಂದ ತಾಯಿಗೂ ಇಲ್ಲೇ ಹುಟ್ಟಿದ ಏಳು ವರ್ಷದ ಮಗಳಿಗೂ ಸಮುದ್ರ ತೋರಿಸಲು ಕರೆತಂದಿದ್ದ. “ಅಮ್ಮಿಗ ಇಂಗ್ಲಿಷ್ ಬರಂಗಿಲ್ಲ ಮೇಡಂ, ಸುಮ್ನ ನೋಡ್ಕೊಂಡು ಹೋಗ್ತೀವಿ” ಎಂದ.

“ಇಂಗ್ಲಿಷ್ ಯಾಕೆ? ನಾನು ಕನ್ನಡದಲ್ಲೇ ಹೇಳ್ತೀನಿ ಬನ್ನಿ” ಎಂದುಬಿಟ್ಟೆ. ಟೀಚರ್ ಒಂದು ಕುರ್ಚಿ ಎಳೆದುಕೊಂಡು ನಮ್ಮ ಹಿಂದೆ ಕೂತರು.

ಎದುರಿಗಿದ್ದ ದೊಡ್ಡ ಚಿತ್ರದಲ್ಲಿ ಬೂದುಬಣ್ಣದ ಅಲೆಗಳ ಅಂಚಿನಲ್ಲಿ ಒಬ್ಬ ಹುಡುಗಿ ಬರಿಗಾಲಿನಲ್ಲಿ ನಿಂತಿದ್ದಳು. ಬಾಯಿಪಾಠ ಮಾಡಿದ ಒಂದು ವಾಕ್ಯವೂ ಕನ್ನಡದಲ್ಲಿ ಕೆಲಸಕ್ಕೆ ಬರಲಿಲ್ಲ. ಆದ್ದರಿಂದ ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದೆ. ಇವನು ದರ್ಜಿಯ ಮಗ. ಚಿಕ್ಕವನಿದ್ದಾಗ ಬಂದರಿನಲ್ಲಿ ದೋಣಿಗಳ ಮೇಲೆ ಹೆಸರು ಬರೆಯುತ್ತಿದ್ದ. ಆಮೇಲೆ ಎಡಿನ್‌ಬರಾಗೆ ಹೋಗಿ ಕಲಿತ. ಚಳಿಗಾಲವೆಲ್ಲ ಶ್ರೀಮಂತರ ಮುಖ ಬರೆದು ಹೊಟ್ಟೆ ಹೊರೆಯುತ್ತಿದ್ದ, ಬೇಸಿಗೆ ಬಂತೆಂದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಮುದ್ರದ ದಂಡೆಗೆ ಹೋಗಿಬಿಡುತ್ತಿದ್ದ. ಗಾಳಿಗೆ ಹಾರದಂತೆ ಕ್ಯಾನ್ವಾಸಿಗೆ ಹಗ್ಗ ಬಿಗಿದು, ಅಲ್ಲೇ ನಿಂತು ಬರೆಯುತ್ತಿದ್ದ.

“ಈ ಕೂಸು ಯಾರದು?” ಅಜ್ಜಿ ಕೇಳಿದರು.

“ಅವನ ಕೊನೇ ಮಗಳೇ.”

“ಯವ್ವಾ! ಇಂಥಾ ಥಂಡ್ಯಾಗ ಕೂಸಿನ್ನ ಬರಿಗಾಲಾಗ ನಿಲ್ಲಿಸ್ಯಾನ? ಅವರವ್ವ ಸುಮ್ಕಿದ್ಲಾ?”

ನಾನು ನಕ್ಕು, “ಸುಮ್ಮನಿರ್ಲಿಲ್ಲವಂತೆ. ಸ್ವಲ್ಪ ಹೊತ್ತಾದ್ಮೇಲೆ ಶಾಲು ತಗೊಂಡು ಬಂದು ಎತ್ಕೊಂಡು ಹೋಗೋರಂತೆ. ನೋಡಿ, ಅದಕ್ಕೇ ಪಾದ ಪೂರ್ತಿ ಬರೆದೇ ಇಲ್ಲ” ಎಂದೆ. ನಿಜವಾಗಿಯೂ ಪಾದಗಳ ಜಾಗದಲ್ಲಿ ಎರಡು ಮಸುಕು ಗೀಟುಗಳಷ್ಟೇ ಇದ್ದವು.

“ಭಾಳ ಚಲೋ ಮಾಡಿದ್ಲು ಆಕಿ” ಎಂದರು ಅಜ್ಜಿ, ಆ ತಾಯಿ ತಮ್ಮ ಸ್ವಂತ ಸೊಸೆಯೇನೋ ಎಂಬಂತೆ.

ಅವರ ಮೊಮ್ಮಗಳು ಚಿತ್ರದ ಹುಡುಗಿಯ ಹಾಗೆಯೇ ಕತ್ತು ಓರೆ ಮಾಡಿ ನಿಂತು ನೋಡಿದಳು. ಹತ್ತು ಉಸಿರೂ ಆಗಿರಲಿಲ್ಲ, ಮೂಗು ಕೆರೆದುಕೊಂಡು, “ದಾದಿ, ಐ ಕಾಂಟ್!” ಎಂದು ಅಪ್ಪಟ ಐರಿಷ್ ರಾಗದಲ್ಲಿ ಅಜ್ಜಿಯನ್ನು ಕೂಗಿ ಅವರ ಸೆರಗಿನೊಳಗೆ ಸೇರಿಕೊಂಡಳು. ನಾವೆಲ್ಲ ನಕ್ಕೆವು. ಹಿಂದೆ ಕೂತಿದ್ದ ಟೀಚರ್ ಎಲ್ಲರಿಗಿಂತ ಜೋರಾಗಿ ನಕ್ಕರು.

ಕೊನೆಗಾಲದ ಚಿತ್ರಗಳ ಮುಂದೆ ಮಾತು ನಿಧಾನವಾಯಿತು. ಆಗ ಅವನ ಕಣ್ಣು ಮಂಜಾಗಿತ್ತು, ಮಕ್ಕಳು ದೊಡ್ಡವರಾಗಿ ದೂರ ಹೋಗಿದ್ದರು. ದಂಡೆಯ ಮೇಲೆ ಮಕ್ಕಳ ಬದಲು ಬಣ್ಣದ ಚುಕ್ಕೆಗಳು. ಇವು ಅರ್ಧಂಬರ್ಧ ಚಿತ್ರಗಳೆಂದು ಜನ ಆಡಿಕೊಂಡರಂತೆ. ಅಜ್ಜಿ ಬಹಳ ಹೊತ್ತು ನೋಡಿ, “ಮಕ್ಕಳು ದೂರ ಆಡ್ಲಿಕ್ಕೆ ಹೋದ್ರ ಹಿಂಗ ಕಾಣ್ತಾರ” ಎಂದರು. ಅವರ ಮಗ ತಾಯಿಯ ಕೈಚೀಲವನ್ನು ತಾನು ತೆಗೆದುಕೊಂಡ.

ಅವರು ಹೋದ ಮೇಲೆ ಟೀಚರ್, “ನೀನು ನಕ್ಕು ಆ ಅಜ್ಜಿಗೆ ಏನು ಹೇಳಿದ್ದೆ?” ಎಂದು ಕೇಳಿದರು. ಶಾಲಿನ ವಿಷಯ ಹೇಳಿದೆ. “ಅದನ್ನೇ ಹೇಳು. ಇಂಗ್ಲಿಷ್ ಮುರಿದರೆ ಮುರಿಯಲಿ” ಎಂದರು. ಮುಂದಿನ ಶನಿವಾರ ಹಾಗೆಯೇ ಹೇಳಿದೆ. ಎರಡು ಕಡೆ ಪದ ಸಿಗದೆ ತಡವರಿಸಿದೆ, ಒಂದು ಕಡೆ ಕೈಸನ್ನೆಯಲ್ಲಿ ದಾಟಿಸಿದೆ. ಬಂದಿದ್ದ ನಾಲ್ಕಾರು ಜನರೂ ಕೊನೆಯವರೆಗೆ ನಿಂತರು. ವಯಸ್ಸಾದ ಒಬ್ಬರು ಚಿತ್ರಕಾರನನ್ನು ಬಿಟ್ಟು ಅವನ ಹೆಂಡತಿಯ ಬಗ್ಗೆಯೇ ಕೇಳಿದರು. ಟೀಚರ್ ದೂರದಿಂದ ತುಟಿಯಲ್ಲೇ “ಗ್ರ್ಯಾಂಡ್” ಎಂದರು, ಇಲ್ಲಿಯವರ ಬಾಯಲ್ಲಿ ಚೆನ್ನಾಗಿತ್ತು ಎಂದರ್ಥ.

ಅಜ್ಜಿ ಊರಿಗೆ ಮರಳುವ ಮೊದಲು ನನ್ನನ್ನೂ ನನ್ನ ಗಂಡನನ್ನೂ ಕಿಲ್ಕೆನ್ನಿಯ ಮಗನ ಮನೆಗೆ ಊಟಕ್ಕೆ ಕರೆಸಿದರು. ಟೀಚರನ್ನೂ ಕರೆದುಕೊಂಡು ಹೋದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಟನ್ ಸಾರು. ಖಾರಕ್ಕೆ ಟೀಚರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ತಟ್ಟೆ ಕೆಳಗಿಡಲಿಲ್ಲ. ಊಟವಾದ ಮೇಲೆ ಅಜ್ಜಿ, ಟೀಚರ್ ಇಬ್ಬರೂ ಸೋಫಾದ ಮೇಲೆ ಅಕ್ಕಪಕ್ಕ ಕೂತು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಫೋನಿನಲ್ಲಿದ್ದ ಮೊಮ್ಮಕ್ಕಳ ಫೋಟೊಗಳನ್ನು ಒಂದೊಂದಾಗಿ ತೋರಿಸಿಕೊಳ್ಳುತ್ತಿದ್ದರು. ನಾನು ಅನುವಾದ ಮಾಡಲು ಹೋದೆ. ಅಜ್ಜಿ ನನ್ನತ್ತ ನೋಡದೆಯೇ ಕೈಯಾಡಿಸಿ, “ನೀ ಚಾ ಕುಡಿಯವ್ವಾ, ನಮಗ ತಿಳೀತೈತಿ” ಎಂದರು.