ಹೊಳೆದಂಡೆಯ ಸ್ಟೇಷನ್ನಿನಲ್ಲಿ ಹೆಣ್ಣು ನೋಡಿದ್ದು

ಎಪ್ಪತ್ತರ ದಶಕದಲ್ಲಿ ನನ್ನನ್ನು ನೋಡಬೇಕಿದ್ದ ಕಡೂರಿನ ಗಂಡಿನ ಕಡೆಯವರು ನಮ್ಮ ಮನೆಗೆ ಬರಲೇ ಇಲ್ಲ. ಅವರು ತರೀಕೆರೆಗೆ ಯಾರದೋ ಮದುವೆಗೆ ರೈಲಿನಲ್ಲಿ ಹೊರಟಿದ್ದರು. ನಮ್ಮೂರ ಹೊಳೆದಂಡೆಯ ಪುಟ್ಟ ಸ್ಟೇಷನ್ನಿನಲ್ಲಿ ಇಂಜಿನ್ನು ನೀರು ತುಂಬಿಸಿಕೊಳ್ಳುತ್ತಿತ್ತು. ನೀರು ತುಂಬುವಷ್ಟರಲ್ಲೇ ಹೆಣ್ಣು ತೋರಿಸಿಬಿಡಿ ಎಂದು ಮೊದಲೇ ಹೇಳಿಕಳಿಸಿದರು.

ಅಪ್ಪ ಪ್ಲಾಟ್‌ಫಾರಮ್ಮಿನ ಮೇಲೆ ಜಮಖಾನ ಹಾಸಿದರು. ಗಂಡಿನ ತಾಯಿ ಮಗನ ಪಕ್ಕ ಕಿಟಕಿಯಲ್ಲೇ ಕೂತು ಉಪ್ಪಿಟ್ಟು ತಿನ್ನುತ್ತಾ, "ಒಂದು ಹಾಡು ಹೇಳವ್ವಾ" ಎಂದರು. ನಾನು ಶುರು ಮಾಡಿದೆ. ಹಸಿರು ಬಾವುಟ ಎತ್ತಿದ್ದ ಗಾರ್ಡು ಅದನ್ನು ಇಳಿಸಿ, "ಮುಗೀಲಿ ಬಿಡಿ" ಎಂದರು. ಇಡೀ ರೈಲು ಕಿಟಕಿಗೆ ಬಂತು. ನಾಚಿಕೆಯಲ್ಲಿ ಎರಡನೇ ಸಾಲು ಮರೆತ ನಾನು ಮೊದಲನೆಯದನ್ನೇ ಹಾಡುತ್ತಾ ಹೋದೆ.

ಕೊನೆಗೆ ಡ್ರೈವರು ತಾಳ್ಮೆಗೆಟ್ಟು ರೈಲು ಬಿಟ್ಟ. ಹೊಗೆಯೊಳಗಿಂದ ಯಾರೋ, "ಹುಡುಗಿ ಒಪ್ಪಿಗೆ ಕಣ್ರೀ!" ಎಂದು ಕೂಗಿದರು.

ಮುಂದಿನ ವಾರ ಅಪ್ಪ ಎಲೆಅಡಿಕೆ ಹಿಡಿದು ಕಡೂರಿಗೆ ಹೋದರು. ಗಂಡಿನ ತಂದೆಗೆ ಆಶ್ಚರ್ಯ. "ನಾವ್ಯಾರೂ ಕೂಗ್ಲಿಲ್ವಲ್ರೀ!"

"ಇಡೀ ರೈಲು ಕೇಳಿದೆ. ಈಗ ಇಲ್ಲ ಅಂದ್ರೆ ಹೆಂಗೆ?" ಎಂದರು ಅಪ್ಪ.

ಗಂಡಿನ ತಂದೆ ಬಹಳ ಹೊತ್ತು ಯೋಚಿಸಿ, ಅಷ್ಟು ಜನರೆದುರು ಕೊಟ್ಟ ಮಾತಿಗೆ ತಪ್ಪಬಾರದೆಂದು, ತಾವು ಕೊಡದಿದ್ದ ಮಾತನ್ನು ಉಳಿಸಿಕೊಂಡರು.

ಕೂಗಿದ್ದು ತಾನಲ್ಲವೆಂದು ನನ್ನ ಯಜಮಾನರು ಇವತ್ತಿಗೂ ಆಣೆ ಮಾಡುತ್ತಾರೆ.