ಏಳನೆಯ ಕತೆಯ ಮೂರು ಸಾಲು

ಸೊಕ್ಕೆಯ ಗ್ರಂಥಾಲಯ ನೋಡಿಕೊಳ್ಳುವ ಮಮತಾಳನ್ನು ಊರ ಹೆಂಗಸರು ಕಲ್ಲು ಮನಸ್ಸಿನವಳು ಅನ್ನುತ್ತಿದ್ದರು. ಗಂಡ ತಿಪ್ಪೇಶನ ಹೆಣ ಜಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ಅಳಲಿಲ್ಲ. ಸುತ್ತ ಕೂತವರು ಬೆನ್ನು ಸವರಿ, ಎದೆಯಲ್ಲಿಟ್ಟುಕೊಳ್ಳಬೇಡ, ಒಂದು ಸಲ ಅತ್ತುಬಿಡು ಎಂದರು. ಅವಳು ಎದ್ದು ಹೋಗಿ, ಹಿತ್ತಲಲ್ಲಿ ಕಟ್ಟಿದ್ದ ಕುರಿಮರಿಗೆ ನೀರಿಟ್ಟು ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು.

ಹನ್ನೊಂದನೆಯ ದಿನ ಕಳೆದ ಮೇಲೆ ಗ್ರಂಥಾಲಯದ ಬಾಗಿಲು ತೆಗೆದಳು. ಆಗಿನಿಂದ ಈ ಮೂರು ವರ್ಷ ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಬಂದು ಕಸ ಗುಡಿಸಿ ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು, ಸಂಜೆ ಮತ್ತೆ ಬಂದು ಪುಸ್ತಕ ಕೊಡುವುದು, ತಗೊಳ್ಳುವುದು. ಮಗಳು ಪವಿತ್ರ ಹತ್ತನೆಯ ಕ್ಲಾಸಿನಲ್ಲಿ ಒಳ್ಳೆ ಅಂಕ ತೆಗೆದಾಗ ಎಲ್ಲರೂ ಬಂದು ಹೊಗಳಿದರು. ಮಮತಾ ನಕ್ಕಳು. ನಗಬೇಕಾದ ಹೊತ್ತು ಇದು ಎಂದು ಗೊತ್ತಿತ್ತು, ಅದಕ್ಕೆ. ಮೈಯೊಳಗೆ ಎಲ್ಲೋ ಒಂದು ಕಡೆ ಜೋಮು ಹಿಡಿದ ಕಾಲಿನ ಹಾಗೆ ಇರುತ್ತಿತ್ತು. ಕಾಲಿನ ಜೋಮಾದರೆ ಕೊಡವಿದರೆ ಹೋಗುತ್ತದೆ.

ಅವಳು ನ್ಯಾಮತಿಯ ದರ್ಜಿಯೊಬ್ಬರ ಮಗಳು. ಅಪ್ಪನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತ, ಗುಂಡಿ ಹಾಕುತ್ತ, ಸಿಕ್ಕ ಹಳೆಯ ವಾರಪತ್ರಿಕೆಗಳನ್ನೆಲ್ಲ ಓದಿಕೊಂಡು ಬೆಳೆದವಳು. ಕಾಲುವೆ ನೀರು ಹರಿಯುವ ಕಡೆಯಿಂದ ಈ ಒಣಭೂಮಿಗೆ ಮದುವೆಯಾಗಿ ಬಂದಾಗ ಇಲ್ಲಿಯ ಬಿಸಿಲಿಗಿಂತ ಹೆಚ್ಚಾಗಿ ಓದಲು ಏನೂ ಇಲ್ಲದಿದ್ದುದೇ ಅವಳಿಗೆ ಕಷ್ಟವಾಗಿತ್ತು. ಅದನ್ನು ಕಂಡ ತಿಪ್ಪೇಶನೇ ಪಂಚಾಯ್ತಿಗೆ ಓಡಾಡಿ ಈ ಕೆಲಸಕ್ಕೆ ಅರ್ಜಿ ಹಾಕಿಸಿದ್ದ. ತಾನು ಮಾತ್ರ ಪೇಪರಿನ ಹವಾಮಾನದ ಪುಟ ಬಿಟ್ಟು ಬೇರೆ ಏನೂ ಓದುತ್ತಿರಲಿಲ್ಲ.

ಅವನು ಸತ್ತದ್ದು ಹೀಗೆ. ಮೆಕ್ಕೆಜೋಳ ಕಾಳು ಕಟ್ಟುವ ಕಾಲ. ನಸುಕಿನಲ್ಲಿ ಬೋರಿಗೆ ಕರೆಂಟು ಬರುತ್ತಿತ್ತೆಂದು ನೀರು ಕಟ್ಟಲು ಹೊಲಕ್ಕೆ ಹೋಗಿದ್ದ. ಪಕ್ಕದ ಹೊಲದ ಮೈಲಾರಿ, ತಿಪ್ಪೇಶನ ಚಿಕ್ಕಂದಿನ ಗೆಳೆಯ, ಕಾಡುಹಂದಿ ಕಾಯಲು ನಾಡಬಂದೂಕು ಹಿಡಿದು ಬದುವಿನ ಮೇಲೆ ಕೂತಿದ್ದ. ಜೋಳದ ದಂಟು ಅಲ್ಲಾಡಿತು. ಹಂದಿ ಅಂದುಕೊಂಡು ಹೊಡೆದ. ಮೈಲಾರಿಯೇ ಹೆಗಲ ಮೇಲೆ ಹೊತ್ತುಕೊಂಡು ರಸ್ತೆಗೆ ತಂದ, ಮೈಲಾರಿಯೇ ಪೊಲೀಸರಿಗೆ ಹೇಳಿದ. ಒಂಬತ್ತು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಊರಿಗೆ ಬಂದ. ಕೇಸು ಇನ್ನೂ ಕೋರ್ಟಿನಲ್ಲಿ ವಾಯ್ದೆಯ ಮೇಲೆ ವಾಯ್ದೆ ಬೀಳುತ್ತ ನಡೆದಿದೆ. ರಾಜಿ ಮಾಡಿಕೊಳ್ಳಿ ಎಂದು ನಾಲ್ಕು ಜನ ಹಿರಿಯರು ಬಂದು ಕೂತಾಗ ಮಮತಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಟೀ ಕೊಟ್ಟು ಕಳಿಸಿದಳು. ಮೈಲಾರಿ ಅಂದಿನಿಂದ ಗ್ರಂಥಾಲಯದ ಮುಂದಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿ ಓಡಾಡುತ್ತಿದ್ದ.

ಹೀಗಿರುವಾಗ ಈ ವರ್ಷ ಬೇಸಿಗೆಯಲ್ಲಿ ಒಂದು ಸುತ್ತೋಲೆ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಹಳ್ಳಿ ಗ್ರಂಥಾಲಯಗಳು ಒಂದೇ ಪುಸ್ತಕವನ್ನು ಜನರಿಂದ ಓದಿಸಬೇಕು, ಓದಿದವರ ಅಭಿಪ್ರಾಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಬೇಕು, ಆಮೇಲೆ ಹೊನ್ನಾಳಿಯಲ್ಲಿ ಎಲ್ಲರೂ ಸೇರಿ ಅದನ್ನು ಓದಿ ಹೇಳಬೇಕು. ಎರಡು ದಿನದಲ್ಲಿ ಪುಸ್ತಕದ ಕಟ್ಟೂ ಬಂತು. ಬಿಚ್ಚಿ ನೋಡಿದರೆ ಆಫ್ರಿಕಾದ ಬೇಟೆಯ ಕತೆಗಳು. ಅಲ್ಲಿಯ ಒಂದು ಬೇಟೆಗಾರರ ಸಂಘದವರು ತಲಾ ಒಂದೊಂದು ಅನುಭವ ಬರೆದು ಕೂಡಿಸಿದ್ದ ಇಪ್ಪತ್ತೆರಡು ಕತೆಗಳ ಕನ್ನಡ ಅನುವಾದ. ಮೊದಲ ಪುಟದಲ್ಲೇ, ನಾವು ಯಾರೂ ಬರಹಗಾರರಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದ್ದೇವೆ ಎಂದಿತ್ತು.

ಪುಸ್ತಕದ ಕಟ್ಟನ್ನು ನೋಡಿ ಪಂಚಾಯ್ತಿಯ ಕಾರ್ಯದರ್ಶಿ ತಲೆ ತಗ್ಗಿಸಿದರು. ಬೇರೆಯವರಿಗೆ ಈ ಕೆಲಸ ಹಚ್ಚಲೇ ಎಂದು ಮೆಲ್ಲಗೆ ಕೇಳಿದರು. ಯಾಕೆ ಎಂದು ಮಮತಾ ಕೇಳಿದಳು. ಅವರು ಕಟ್ಟಿನ ದಾರ ಸುತ್ತಿ ಪಕ್ಕಕ್ಕಿಟ್ಟರು. ಅವಳು ಪುಸ್ತಕಗಳಿಗೆ ಸೀಲು ಒತ್ತತೊಡಗಿದಳು.

ಮೊದಲು ತಾನೇ ಓದಿದಳು. ಸಿಂಹ, ಆನೆ, ಮೊಸಳೆ, ಹೆಬ್ಬಾವು. ಏಳನೆಯ ಕತೆ ಒಂದು ಕಾಡುಕೋಣದ ಬೆನ್ನು ಹತ್ತಿ ನಾಲ್ಕು ದಿನ ನಡೆದದ್ದು. ಅದರ ನಡುವೆ ಮೂರು ಸಾಲು ಹೀಗಿದ್ದವು: ‘ನನ್ನ ಗೆಳೆಯನ ಎರಡನೆಯ ಗುಂಡು ನಮಗೆ ಜಾಡು ತೋರಿಸುತ್ತಿದ್ದ ಆಳು ಮೋಸೆಗೆ ತಗುಲಿತು. ನದಿ ಮುಟ್ಟುವ ಮೊದಲೇ ಅವನು ತೀರಿಕೊಂಡು ಆ ದಿನ ಹಾಳಾಯಿತು. ಮರುದಿನ ಬೆಳಿಗ್ಗೆ ಕೋಣದ ಹೆಜ್ಜೆ ಮತ್ತೆ ಸಿಕ್ಕಿತು.’ ಅಲ್ಲಿಂದ ಕತೆ ಕೋಣದ ಹಿಂದೆಯೇ ಹೋಗಿ, ಕೊಂಬಿನ ಅಳತೆಯೊಂದಿಗೆ ಮುಗಿಯುತ್ತಿತ್ತು. ಮಮತಾ ಆ ಸಾಲುಗಳ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಎದೆ ಹಿಂಡಬಹುದು ಎಂದು ಕಾದಳು. ಹಾಗೇನೂ ಆಗಲಿಲ್ಲ. ಎಂಟನೆಯ ಕತೆಗೆ ಪುಟ ತಿರುಗಿಸಿದಳು.

ಊರಿನವರು ಆ ಪುಸ್ತಕಕ್ಕೆ ಮುಗಿಬಿದ್ದರು. ಪರೀಕ್ಷೆಯ ಪುಸ್ತಕ ಬಿಟ್ಟು ಬೇರೆ ಮುಟ್ಟದವರೂ ಹೆಸರು ಬರೆಸಿ ಸರದಿ ಕಾದರು. ನಿವೃತ್ತ ಮೇಷ್ಟ್ರು ತಿಪ್ಪೇರುದ್ರಸ್ವಾಮಿ ಒಂದೂವರೆ ಪುಟ ಬರೆದರು: ರೋಮಾಂಚನಕಾರಿ, ಅನುವಾದದಲ್ಲಿ ಅಲ್ಲಲ್ಲಿ ಅಲ್ಪಪ್ರಾಣ ಮಹಾಪ್ರಾಣದ ದೋಷಗಳಿವೆ, ಪುಟಸಂಖ್ಯೆ ಸಹಿತ ಕೆಳಗೆ ಕೊಟ್ಟಿದ್ದೇನೆ. ಟ್ರ್ಯಾಕ್ಟರ್ ಓಡಿಸುವ ಮಾರುತೇಶ್ ಕಾಡುಕೋಣದ ಕತೆಯನ್ನು ನಾಲ್ಕು ಸಲ ಓದಿದೆನೆಂದೂ, ಸಿನಿಮಾ ನೋಡಿದ ಹಾಗಾಯಿತೆಂದೂ ಬರೆದ. ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು, ತಾಯಿ ಆನೆ ಸತ್ತ ಮೇಲೆ ಮರಿಯನ್ನು ಏನು ಮಾಡಿದರೆಂದು ಬರೆದಿಲ್ಲ, ತಿಳಿಸಿ ಎಂದು ಕೇಳಿದಳು. ಹೆಸರು ಬರೆಯದ ಒಬ್ಬ, ಇಲ್ಲಿ ಒಂದು ಮೊಲ ಹಿಡಿದರೆ ಕೇಸು ಹಾಕುತ್ತಾರೆ, ಅಲ್ಲಿ ಆನೆ ಹೊಡೆದವನ ಫೋಟೋ ಪುಸ್ತಕದಲ್ಲಿ ಹಾಕುತ್ತಾರೆ ಎಂದು ಸಿಟ್ಟು ಮಾಡಿದ್ದ.

ಕುರಿ ಮೇಯಿಸುವ ದುರುಗಕ್ಕನಿಗೆ ಓದು ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಬಂದು ಗ್ರಂಥಾಲಯದ ಕಟ್ಟೆಯ ಮೇಲೆ ಕೂರುವಳು, ಮಮತಾ ಓದಿ ಹೇಳುವಳು. ಸಿಂಹದ ತಲೆ ಕಡಿದು ಗೋಡೆಗೆ ಹಾಕಿದ್ದನ್ನು ಕೇಳಿ ದುರುಗಕ್ಕ, ಅದರ ಧೂಳು ಹೊಡೆಯೋರು ಯಾರು ಎಂದು ಕೇಳಿದಳು. ಅದನ್ನೇ ಅವಳ ಅಭಿಪ್ರಾಯವೆಂದು ಮಮತಾ ಬರೆದುಕೊಂಡಳು.

ಜನ ಪುಸ್ತಕ ವಾಪಸು ಕೊಡುವಾಗ ತಮ್ಮ ಬೇಟೆಯ ಮಾತು ತೆಗೆಯುತ್ತಿದ್ದರು. ನಾಯಿ ಬಿಟ್ಟು ಮೊಲ ಹಿಡಿದದ್ದು, ಬಾವಿಗೆ ಬಿದ್ದ ಹಂದಿಯನ್ನು ಎಳೆದದ್ದು. ಹೇಳುತ್ತ ಹೇಳುತ್ತ ಎದುರಿಗಿರುವವಳು ಯಾರೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸುವರು. ಆಮೇಲೆ ಏನಾಯಿತು ಎಂದು ಅವಳೇ ಕೇಳುವಳು. ಅವರಿಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಇಪ್ಪತ್ತೆರಡು ಅಭಿಪ್ರಾಯಗಳಾದ ದಿನ ಅವಳು ಕೂತು ಎಲ್ಲವನ್ನೂ ಮೊದಲಿನಿಂದ ಓದಿದಳು. ಹನ್ನೊಂದು ಜನ ಏಳನೆಯ ಕತೆಯ ಬಗ್ಗೆ ಬರೆದಿದ್ದರು. ಮೋಸೆಯ ಹೆಸರನ್ನು ಯಾರೂ ಎತ್ತಿರಲಿಲ್ಲ.

ಅದಾದ ಮೇಲೆ ಒಂದು ಸಂಜೆ, ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದಾಗಿ ತಲೆಯೆತ್ತಿದರೆ ಮೈಲಾರಿ ನಿಂತಿದ್ದ. ಪೇಪರ್ ಓದುತ್ತಿದ್ದ ಇಬ್ಬರು ಎದ್ದು ಹೋದರು. ಅವನು ಒಳಗೆ ಕಾಲಿಡದೆ, ಆ ಬೇಟೆ ಪುಸ್ತಕ ಸಿಗಬಹುದಾ ಎಂದು ಕೇಳಿದ. ಜೈಲಿನಲ್ಲಿ ಓದುವ ಅಭ್ಯಾಸವಾಗಿದೆ ಎಂದೂ ಹೇಳಿದ. ಮದುವೆಯಾಗಿ ಬಂದಂದಿನಿಂದ ಮಮತಾ ಅವನನ್ನು ಮೈಲಾರಣ್ಣ ಎಂದೇ ಕರೆದವಳು. ಈಗ ಏನೂ ಕರೆಯದೆ, ಸದಸ್ಯತ್ವ ಇಲ್ಲದವರಿಗೆ ಪುಸ್ತಕ ಕೊಡುವುದಿಲ್ಲ ಎಂದಳು. ಅವನು ತಿರುಗಿ ಹೊರಟ. ಆಧಾರ್ ಝೆರಾಕ್ಸ್ ತಂದರೆ ಸದಸ್ಯತ್ವ ಮಾಡಿಕೊಡುತ್ತೇನೆ ಎಂದು ಅವಳು ಹಿಂದಿನಿಂದ ಹೇಳಿದಳು. ಮರುದಿನ ತಂದ. ಅವಳು ಫಾರಂ ತುಂಬಿದಳು. ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು. ಅಕ್ಷರಗಳು ಎಂದಿನಂತೆ ದುಂಡಗೇ ಬಂದವು.

ಹದಿನೇಳು ದಿನ ಇಟ್ಟುಕೊಂಡು ವಾಪಸು ತಂದ. ಪುಸ್ತಕಕ್ಕೆ ದಿನಪತ್ರಿಕೆಯ ಹೊದಿಕೆ ಹಾಕಿದ್ದ. ಓದಿದವರು ಅಭಿಪ್ರಾಯ ಬರೆಯಬೇಕು ಎಂದು ಅವಳು ನೋಟ್‌ಬುಕ್ ಮುಂದಿಟ್ಟಳು.

"ನನಗೆ ಬರೆಯಾಕೆ ಕೈ ಬಗ್ಗಲ್ಲ," ಎಂದ ಮೈಲಾರಿ. "ಹೇಳ್ತೀನಿ, ನೀವೇ ಬರ್ಕೊಳ್ರಿ."

ಅವಳು ಇಪ್ಪತ್ಮೂರು ಎಂದು ಸಂಖ್ಯೆ ಹಾಕಿದಳು. ಅವನು ಕಿಟಕಿಯ ಕಡೆ ನೋಡುತ್ತ ಒಂದೊಂದೇ ಮಾತು ಹೇಳಿದ.

"ಏಳನೇ ಕತಿ. ಅದರಾಗೆ ಮೋಸೆ ಅನ್ನೋ ಮನುಷ್ಯ ಸತ್ತ. ಅವನ ಮನ್ಯಾಗೆ ಯಾರಿದ್ರು, ಬರೆದಿಲ್ಲ. ಹೊಡೆದಾತ ಅವತ್ತು ಉಂಡನೋ ಇಲ್ಲೋ, ಅದೂ ಬರೆದಿಲ್ಲ. ಮೂರೇ ಸಾಲು ಬರೆದಾರೆ." ಅವಳು ಸಾಲು ಮುಗಿಸುವುದನ್ನು ಕಾದು, "ಪೊಲೀಸರ ಮುಂದೆ ನಾನೂ ಅಷ್ಟೇ ಹೇಳಿದ್ದೆ," ಎಂದ.

"ಅದನ್ನೂ ಬರೀಲಾ?"

"ಬರೀರಿ."

ಬರೆದಳು. ಪೆನ್ನಿನ ಕ್ಯಾಪು ಹಾಕಿದಳು. ಮೂರು ವರ್ಷದಲ್ಲಿ ಯಾರನ್ನೂ ಕೇಳದ ಮಾತನ್ನು ಆಗ ಕೇಳಿದಳು. ಕೇಳಬೇಕೆಂದು ಯೋಚಿಸಿ ಕೇಳಿದ್ದಲ್ಲ.

"ಅವತ್ತು ಹೊಲದಲ್ಲಿ ಅವರು ಏನಾದ್ರೂ ಅಂದ್ರಾ?"

ಮೈಲಾರಿ ಕಿಟಕಿಯಿಂದ ಅವಳ ಕಡೆ ತಿರುಗಿದ. "ಜೀವ ಇತ್ತು, ತಂಗಿ. ನನ್ನ ಮುಖ ನೋಡಿದ. ಮೋಟ್ರು ಆಫ್ ಮಾಡು, ನೀರು ಸುಮ್ನೆ ಹೋಗ್ತೈತೆ ಅಂದ. ಓಡಿಹೋಗಿ ಆಫ್ ಮಾಡಿ ಬಂದೆ. ಅಷ್ಟರಾಗೆ ಹೋಗಿಬಿಟ್ಟಿದ್ದ."

ಗುಂಡು ಬಿದ್ದ ಕೂಡಲೇ ಪ್ರಾಣ ಹೋಯಿತು, ನೋವೇ ಗೊತ್ತಾಗಿಲ್ಲ ಎಂದು ಎಲ್ಲರೂ ಅವಳಿಗೆ ಹೇಳಿದ್ದರು. ಅವಳೂ ಹಾಗೇ ನಂಬಿಕೊಂಡಿದ್ದಳು. ಈಗ ನೋಡಿದರೆ, ಸಾಯುವ ಮೊದಲು ಅವನಿಗೆ ಒಂದಿಷ್ಟು ಹೊತ್ತು ಸಿಕ್ಕಿತ್ತು, ಆ ಹೊತ್ತಿನಲ್ಲಿ ಅವನು ಹೆಂಡತಿಯ ಹೆಸರು ಹೇಳಲಿಲ್ಲ, ಮಗಳ ಹೆಸರು ಹೇಳಲಿಲ್ಲ, ನೀರಿನ ಮಾತಾಡಿದ. ತಿಪ್ಪೇಶ್ ಅಂಥವನೇ. ಮನೆಯಲ್ಲಿ ನಲ್ಲಿ ಹನಿಯುತ್ತಿದ್ದರೂ ಊಟದ ನಡುವೆ ಎದ್ದು ಹೋಗುತ್ತಿದ್ದ. ಆ ಮಾತು ಸುಳ್ಳಲ್ಲ ಎಂದು ಅವಳಿಗೆ ಅಷ್ಟರಿಂದಲೇ ಗೊತ್ತಾಯಿತು. ಮೈಲಾರಿ ಇನ್ನೂ ನಿಂತೇ ಇದ್ದ. ಅವಳು ಅವನ ಕಾರ್ಡಿನಲ್ಲಿ ಪುಸ್ತಕ ಜಮಾ ಎಂದು ಬರೆದು ದಿನಾಂಕದ ಸೀಲು ಒತ್ತಿ ವಾಪಸು ಕೊಟ್ಟಳು. ಅವನು ಕೆರೆ ಏರಿಯ ಕಡೆಗೆ ಹೋದ.

ಹೊನ್ನಾಳಿಯ ಸಭೆಗೆ ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ನಲವತ್ತು ಜನ ಗ್ರಂಥಾಲಯ ಮೇಲ್ವಿಚಾರಕರು ಸೇರಿದ್ದರು. ಚನ್ನಗಿರಿ ಕಡೆಯವರು ಪ್ರಾಣಿಗಳ ಚಿತ್ರ ಬರೆಸಿಕೊಂಡು ಬಂದಿದ್ದರು. ಸಾಸ್ವೆಹಳ್ಳಿಯ ಮಾಲಾ ಎಂಬಾಕೆ, ತಮ್ಮಲ್ಲಿ ಮೊಸಳೆ ಕತೆಗೇ ಎಲ್ಲರ ಮೆಚ್ಚುಗೆ, ಹೊಳೆದಂಡೆಯವರಲ್ಲವೇ ಎಂದಾಗ ಸಭೆ ನಕ್ಕಿತು. ಮಮತಾಳ ಸರದಿ ಬಂದಾಗ ಒಂದರಿಂದ ಇಪ್ಪತ್ಮೂರರವರೆಗೆ ಒಂದೇ ದನಿಯಲ್ಲಿ ಓದಿದಳು. ದುರುಗಕ್ಕನ ಧೂಳಿನ ಮಾತಿಗೆ ಚಪ್ಪಾಳೆ ಬಿತ್ತು. ಕೊನೆಯದನ್ನು ಓದಿ, ಮೈಲಾರಿ, ಸೊಕ್ಕೆ ಎಂದು ಹೆಸರು ಹೇಳಿ ಕೂತಳು. ಸಭೆ ನಡೆಸುತ್ತಿದ್ದ ಸತೀಶ್ ಕುಮಾರ್ ಎಂಬ ಅಧಿಕಾರಿ, ಈ ಕೊನೆಯ ಓದುಗರು ಪೊಲೀಸರ ವಿಷಯ ಯಾಕೆ ತಂದಿದ್ದಾರೆ, ಸ್ಪಷ್ಟವಾಗಲಿಲ್ಲವಲ್ಲ ಎಂದರು. ಅವರು ಹೇಳಿದ್ದನ್ನು ಬರೆದಿದ್ದೇನೆ ಸರ್ ಎಂದಳು. ಅವರು ಮುಂದಿನ ಹೆಸರು ಕರೆದರು.

ಊಟದ ಹೊತ್ತಿನಲ್ಲಿ ಮಾಲಾ ಚಿತ್ರಾನ್ನದ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತಳು. ತಾನು ಆ ಕತೆಯನ್ನು ಮೂರು ಗುಂಪಿಗೆ ಓದಿ ಹೇಳಿದ್ದೇನೆ, ಆ ಮೋಸೆ ಅನ್ನುವವನು ಕಣ್ಣಿಗೇ ಬಿದ್ದಿರಲಿಲ್ಲ ಎಂದಳು. ನಿಮ್ಮ ಊರಿನ ಆ ಓದುಗ ಯಾರು ಎಂದು ಕೇಳಿದಳು.

"ನನ್ನ ಗಂಡನ ಗೆಳೆಯ," ಎಂದಳು ಮಮತಾ. ಮೊಸರನ್ನ ಹಾಕಿಸಿಕೊಳ್ಳಲು ಎದ್ದಳು.

ಆ ಶನಿವಾರ ಪವಿತ್ರ ಕಾಲೇಜಿನ ಹಾಸ್ಟೆಲಿನಿಂದ ಬಂದಳು. ರೊಟ್ಟಿ ತಟ್ಟುತ್ತ ಮಮತಾ ಅವಳಿಗೆ ಮೋಟ್ರಿನ ಮಾತು ಹೇಳಿದಳು. ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಗೋಡೆಗೆ ಒರಗಿ ಕೂತು, ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತಳು. ಯಾರು ಹೇಳಿದರೆಂದು ತಲೆ ಎತ್ತದೆಯೇ ಕೇಳಿದಳು. ಮಮತಾ ಮೈಲಾರಿಯ ಹೆಸರು ಹೇಳಿದಳು, ನೋಟ್‌ಬುಕ್ಕಿನಲ್ಲಿ ಅವನು ಬರೆಸಿದ್ದನ್ನೂ ಹೇಳಿದಳು. ಅವನ ಹತ್ತಿರ ಮಾತಾಡಿದೆಯಾ ಎಂದು ಮಗಳು ಕಿರುಚಿ, ಎದ್ದು ಹಿತ್ತಲಿಗೆ ಹೋದಳು. ಬೆಳಿಗ್ಗೆ ಅವಳೇ ಗ್ರಂಥಾಲಯಕ್ಕೆ ಹೋಗಿ ನೋಟ್‌ಬುಕ್ ತೆಗೆದು ಇಪ್ಪತ್ಮೂರನೆಯದನ್ನು ಓದಿ ಬಂದಳು. ಸಂಜೆಯ ಬಸ್ಸು ಹತ್ತುವಾಗ ಅಮ್ಮನ ಕೈಯನ್ನು ಎಂದಿಗಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮಮತಾ ತನ್ನ ಕೈಯನ್ನು ನೋಡಿಕೊಂಡಳು. ಮಗಳ ಬೆರಳಿನ ಬಿಸಿ ಇನ್ನೂ ಅಲ್ಲಿತ್ತು. ಅದು ಅವಳಿಗೆ ತಿಳಿಯಿತು.

ಮೈಲಾರಿ ಈಗ ಗುರುವಾರಕ್ಕೊಮ್ಮೆ ಬರುತ್ತಾನೆ. ಕುರಿ ಸಾಕಣೆಯದೋ ಹಳೆಯ ನಾಟಕದ್ದೋ, ಕೈಗೆ ಸಿಕ್ಕ ಪುಸ್ತಕ ಒಯ್ಯುತ್ತಾನೆ. ಅವಳು ಬರೆದುಕೊಂಡು ಕೊಡುತ್ತಾಳೆ. ಅಣ್ಣ ಎಂದು ಕರೆಯುವುದಿಲ್ಲ. ಮುಂದಿನ ವಾಯ್ದೆ ಹದಿನೆಂಟನೇ ತಾರೀಖಿಗೆ. ಅವಳು ಸಾಕ್ಷಿ ಹೇಳಲು, ಅವನು ಕಟಕಟೆಯಲ್ಲಿ ನಿಲ್ಲಲು ಬರಬೇಕೆಂದು ಇಬ್ಬರಿಗೂ ವಕೀಲರ ಫೋನ್ ಬಂದಿದೆ. ಕೋರ್ಟಿನ ಹೊತ್ತಿಗೆ ಮುಟ್ಟಲು ಇಬ್ಬರಿಗೂ ಬೆಳಿಗ್ಗೆ ಇರುವ ಬಸ್ಸು ಒಂದೇ. ಆ ದಿನ ಗ್ರಂಥಾಲಯ ಮುಚ್ಚಿರುತ್ತದೆ ಎಂದು ಮಮತಾ ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದಾಳೆ.